ಮರಿಯಮ್ಮನ ಪುಡಿಗೆ ರಿಜಿಸ್ಟ್ರಿ

ನಗು, ನಗು. ನಿಂಗೇನಕ್ಕ. ಆ ಕಂಪ್ಯೂಟರ್ ಮುಂದೆ ಕೂತಿದ್ದೋನು ನಾನು.

ಅಲ್ಲಾ, ನೀನೇ ಹೇಳು. ಫೋನಿಗೆ ಮೆಸೇಜ್ ಬಂತು. ಬರೀ ಅಂಕಿ. ಅದರ ಕೆಳಗೆ ಬರ್ದವ್ರೆ, ಇದನ್ನ ಯಾರಿಗೂ ಹೇಳ್ಬೇಡಿ ಅಂತ. ನಾನು ಒಂದೊಂದೇ ಅಕ್ಷರ ಕೂಡಿಸ್ಕಂಡು ಓದ್ದೆ. ಆ ಹುಡುಗಿ ನಯನಾ, ಬೇಲೂರಲ್ಲಿ ಆನ್‌ಲೈನ್ ಸೆಂಟರ್ ಇಟ್ಕಂಡವ್ಳಲ್ಲ, ಅವಳು ಕೈ ಮುಂದೆ ಮಾಡಿ ಕೇಳ್ತಾಳೆ: 'ಅಂಕಲ್, ಓಟಿಪಿ ಹೇಳಿ.' ಹೆಂಗ್ ಹೇಳ್ಲಿ? 'ಹೇಳ್ಬೇಡಿ ಅಂದವ್ರೆ ಕಣಮ್ಮ' ಅಂದೆ. 'ನಂಗೆ ಹೇಳ್ಬೋದು ಅಂಕಲ್' ಅಂದ್ಲು. 'ಯಾರಿಗೂ ಅಂದ್ರೆ ಅದ್ರಲ್ಲಿ ನೀನು ಬರಲ್ವಾ?' ಅಂದೆ. ಅಷ್ಟರಲ್ಲಿ ಟೈಮ್ ಮುಗ್ದೋಯ್ತು. ಇನ್ನೊಂದು ಬಂತು. ಅದನ್ನೂ ಹೇಳ್ಲಿಲ್ಲ. ಹಿಂದೆ ಸಾಲಲ್ಲಿ ನಿಂತಿದ್ದೋರು ಗೊಣಗೋಕೆ ಶುರು ಮಾಡಿದ್ರು. ಕೊನೆಗೆ ನಾನೇನ್ ಮಾಡ್ದೆ ಗೊತ್ತಾ? ಫೋನ್ನೇ ಅವಳ ಕೈಗೆ ಕೊಟ್ಬಿಟ್ಟೆ. ನಾನ್ ಹೇಳ್ಲಿಲ್ಲ, ಅವಳೇ ಓದ್ಕಂಡ್ಲು. ತಪ್ಪೇನು?

ನಗೋದಾದ್ರೆ ನಗು, ಅವರೆಕಾಯಿ ಸುಲಿಯೋದ್ ನಿಲ್ಲಿಸ್ಬೇಡ. ತಾ ಇತ್ಲಾಗೆ, ನಾನೂ ಸುಲೀತೀನಿ. ಬಸ್ಸಲ್ಲಿ ಕೂತು ಕೂತು ಕೈ ಜೋಮು ಹಿಡ್ದೈತೆ. ಹಳೇಬೀಡಿಂದ ಬೇಲೂರು, ಬೇಲೂರಿಂದ ಬಿಕ್ಕೋಡು. ಬಸ್ಸಲ್ಲಿ ಕೂರೋಕೆ ಜಾಗ ಸಿಕ್ತು, ಕಾಲು ಇಡೋಕೆ ಸಿಕ್ಲಿಲ್ಲ. ಯಾರದೋ ಕೋಳಿ ಕುಕ್ಕೆ.

ಏನು? ... ಕಾಫಿ ಬೇಡ. ಆಮೇಲೆ. ಮೊದ್ಲು ನಾನ್ ಬಂದ ಕೆಲಸ.

ಯಾಕಂಗ್ ನೋಡ್ತೀಯಾ? ... ಹೂಂ, ಅಕ್ಕ ಅಕ್ಕ ಅಂತ ಕರೀತಾ ಇದೀನಿ. ಕೆಲಸ ಆಗ್ಬೇಕಲ್ಲ. ಬೈಸ್ಕಳೋವಾಗ ಅತ್ತೆ ಅಂತೀನಿ, ಆಯ್ತಾ? ತಮ್ಮಂಗೇ ಮಗಳನ್ನ ಕೊಟ್ಟೋಳು ನೀನು. ಅವತ್ತಿಂದ ಈ ಮಾದಮ್ಮ ನಂಗೆ ಅಕ್ಕನೂ ಹೌದು ಅತ್ತೇನೂ ಹೌದು. ಅಕ್ಕನ ಮನೇಲಿ ಊಟ, ಅತ್ತೆ ಮನೇಲಿ ಮರ್ವಾದೆ. ಎರಡೂ ಒಂದೇ ಜಗಲೀಲಿ. ಬೇರೆ ಯಾವ ಅಳಿಯಂಗೈತೆ ಈ ಸೌಕರ್ಯ?

ಬಿಡು. ಕೇಳು.

ಬೇಲೂರಲ್ಲಿ ಟೂರಿಸ್ಟ್ ಬಸ್ಸು ನಿಲ್ಲೋ ಕಡೆ ಒಂದು ದೊಡ್ಡ ಅಂಗಡಿ ಐತೆ. ಕಾಫಿಪುಡಿ, ಏಲಕ್ಕಿ, ಮೆಣಸು ಎಲ್ಲಾ ಗಾಜಿನ ಬೀರು ಒಳಗಿಟ್ಟವ್ರೆ. ಅವರು ನಮ್ಮ ಹುಚ್ಚೆಳ್ಳು ಪುಡಿ ಇಸ್ಕತೀವಿ ಅಂದ್ರು. ಹೂಂ ಅಕ್ಕ, ಅವರೇ! ನಮ್ಮ ಗೂಡಂಗಡಿಗೆ ಬಂದು ತಿಂದೋಗಿದ್ರಂತೆ, ನಿನ್ ಮಗಳಿದ್ದಾಗ. ಆದ್ರೆ ಪ್ಯಾಕೆಟ್ ಮೇಲೆ ನಂಬರ್ ಇರ್ಬೇಕಂತೆ. ರಿಜಿಸ್ಟ್ರಿ ಆಗಿರ್ಬೇಕು, ಲೈಸೆನ್ಸ್ ಇರ್ಬೇಕು, ಹೆಸರಿರ್ಬೇಕು. ಇಷ್ಟು ವರ್ಷ ನ್ಯೂಸ್‌ಪೇಪರಲ್ಲಿ ಪೊಟ್ಟಣ ಕಟ್ಟಿ ಕೊಟ್ವಿ. ಯಾವನಾದ್ರೂ ಪುಡೀಗೆ ಹೆಸರೇನು ಅಂತ ಕೇಳಿದ್ನಾ? ಖಾರ ಐತಾ ಅಂತ ಕೇಳ್ತಿದ್ರು. ಐತೆ ಅಂತಿದ್ವಿ. ಮುಗೀತು.

ಈಗ ಹಂಗಿಲ್ಲ.

ಮೊದ್ಲು ಚೇತನ್‌ಕುಮಾರ್ ಅಂತ ಒಬ್ಬ ಸಿಕ್ಕಿದ. ತಾಲ್ಲೂಕಾಫೀಸ್ ಮುಂದೆ ಮರದ ಕೆಳಗೆ ನಿಂತಿರ್ತಾನೆ, ಕಂಕುಳಲ್ಲಿ ಫೈಲು. 'ಯಜಮಾನ್ರೇ, ನಿಮ್ದು ಪ್ರೊಪ್ರೈಟರಾ, ಪಾರ್ಟ್ನರ್‌ಶಿಪ್ಪಾ, ಕಂಪನಿಯಾ?' ಅಂದ. ನಾನು 'ಪುಡಿ' ಅಂದೆ. ಅವನು ಇನ್ನೊಂದ್ ಸಲ ಕೇಳ್ದ. ನಾನೂ ಇನ್ನೊಂದ್ ಸಲ ಪುಡಿ ಅಂದೆ. ಆಮೇಲೆ ಬಿಡಿಸಿ ಹೇಳ್ದ. ಒಬ್ಬನೇ ಮಾಡಿದ್ರೆ ಪ್ರೊಪ್ರೈಟರು. ಅಂಗಡೀನೂ ನಾನೇ, ನಾನೇ ಅಂಗಡಿ. ಇಬ್ರು ಸೇರಿದ್ರೆ ಪಾಲು. ಜಾಸ್ತಿ ಜನ, ಜಾಸ್ತಿ ಕಾಗದ ಆದ್ರೆ ಕಂಪನಿ. 'ಒಬ್ನೇ' ಅಂದೆ. ...

ಹೂಂ. ಒಬ್ನೇ ಅಲ್ವಾ ಈಗ.

ಆಮೇಲೆ ಕೇಳ್ದ, 'ವರ್ಷಕ್ಕೆ ವ್ಯಾಪಾರ ನಲವತ್ತು ಲಕ್ಷ ದಾಟ್ತದಾ?' ನಾನು ಹಿಂದೆ ತಿರುಗಿ ನೋಡ್ದೆ, ಬೇರೆ ಯಾರನ್ನಾದ್ರೂ ಕೇಳ್ತಾವ್ನಾ ಅಂತ. ಯಾರೂ ಇರ್ಲಿಲ್ಲ. ನನ್ನೇ ಕೇಳಿದ್ದು! ದಾಟ್ದೇ ಇದ್ರೆ ಜಿಎಸ್‌ಟಿ ಬೇಕಾಗಿಲ್ವಂತೆ. 'ಈ ವರ್ಷ ದಾಟಲ್ಲ ಅನ್ಸುತ್ತೆ ಸ್ವಾಮಿ' ಅಂದೆ. ಅವನು ನಗ್ಲಿಲ್ಲ. ಫೈಲ್ ಹಿಡ್ಕಂಡೋರು ನಗಲ್ಲ ಕಣಕ್ಕ.

ಉದ್ಯಮ್ ಅಂತ ಒಂದು ರಿಜಿಸ್ಟ್ರಿ ಐತೆ, ಅದನ್ನ ನಾನ್ ಮಾಡಿಸಿಕೊಡ್ತೀನಿ, ಇಷ್ಟ್ ಕೊಡಿ ಅಂದ. ನಾನು ಊರಿಗೋಗಿ ಬತ್ತೀನಿ ಅಂದು, ನೆಟ್ಟಗೆ ನಯನಾ ಹತ್ರ ಹೋದೆ. ಅವಳು ಹೇಳ್ತಾಳೆ, 'ಅಂಕಲ್, ಅದಕ್ಕೆ ಸರ್ಕಾರದ ಫೀಸೇ ಇಲ್ಲ. ಆಧಾರ್, ಪ್ಯಾನ್ ಇದ್ರೆ ಸಾಕು.' ನೋಡ್ದಾ! ಪುಗಸಟ್ಟೆ ಸಿಗೋದನ್ನ ಮರದ ಕೆಳಗಿಟ್ಟು ಮಾರ್ತಾವ್ನೆ. ಅವನದು ಏನು ಅಂತ ರಿಜಿಸ್ಟ್ರಿ ಆಗೈತೋ.

ಹಂಗೆ ಕಂಪ್ಯೂಟರ್ ಮುಂದೆ ಕೂರಿಸಿದ್ಲು. ಶುರುವಾಯ್ತು ಪ್ರಶ್ನೆ. 'ನಿಮ್ದು ಉತ್ಪಾದನೆಯಾ, ಸೇವೆಯಾ?' ನಾನು ಸೇವೆ ಅಂದ್ಬಿಟ್ಟೆ. ದೇವಸ್ಥಾನದ ರೋಡಲ್ಲಿ ಅಂಗಡಿ, ಸೇವೆ ಅಂದ್ರೆ ಒಳ್ಳೆ ಹೆಸರಲ್ವಾ ಅನ್ಕಂಡೆ. 'ಅಲ್ಲ ಅಂಕಲ್, ಪುಡಿ ಮಾಡ್ತೀರಲ್ಲ, ಅದು ಉತ್ಪಾದನೆ' ಅಂದ್ಲು. ಕಾರ್ಖಾನೆ ಇಟ್ಟೋರ ಸಾಲಿಗೆ ಸೇರಿಸಿದ್ಲು ನಿನ್ನ ತಮ್ಮನ್ನ. ಏಳು, ಎದ್ದು ನಿಂತ್ಕೋ. ಕಾರ್ಖಾನೆ ಸಣ್ಣಯ್ಯ ಬಂದವ್ನೆ ಮನೆಗೆ!

... ಅವರೆಕಾಯಿ ಎಸೀಬೇಡ. ವಯಸ್ಸಾಗೈತೆ ನಂಗೆ.

'ಯಂತ್ರ ಏನೇನೈತೆ?' ಅಂದ್ಲು. ಒರಳು, ಒನಕೆ ಅಂದೆ. 'ಅವು ಲೆಕ್ಕಕ್ಕೆ ಬರಲ್ಲ ಅಂಕಲ್.' ಮಿಕ್ಸಿ ಐತೆ ಅಂದೆ. ಸರಿ ಅಂದ್ಲು. ನಮ್ಮವ್ವನ ಕಾಲದ ಒರಳು, ಮನೆ ಕಟ್ಟೋಕೆ ಮುಂಚೆ ಅದನ್ನ ಇಟ್ಟು ಆಮೇಲೆ ಗೋಡೆ ಎಬ್ಬಿಸಿದ್ದು. ಅದು ಲೆಕ್ಕಕ್ಕಿಲ್ಲ. ಹೋದ ವರ್ಷದ ಮಿಕ್ಸಿ ಲೆಕ್ಕಕ್ಕೈತೆ.

'ಕೆಲಸದೋರು ಎಷ್ಟು ಜನ? ಗಂಡಸ್ರು?' ಒಂದು ಅಂದೆ. 'ಹೆಂಗಸ್ರು?'

ನಾನು ಬಾಯಿ ಬಿಡೋಷ್ಟರಲ್ಲಿ ಅವಳೇ ಟಕ್ ಅಂತ ಸೊನ್ನೆ ಒತ್ತಿದ್ಲು. ಪಾಪ, ಅವಳಿಗೇನ್ ಗೊತ್ತು. ಮೂವತ್ತು ವರ್ಷ ಪುಡಿ ಕುಟ್ಟಿದ್ದು ಒಬ್ಳು ಹೆಂಗಸು ಅಂತ ಅವಳಿಗೇನ್ ಗೊತ್ತು.

ಒತ್ತಲಿ ಬಿಡು.

ಇಲ್ಲ, ಚೆನ್ನಾಗೇ ಇದೀನಿ. ಉಣ್ತೀನಿ. ನಿದ್ದೇನೂ ಬತ್ತದೆ. ಗೌರಿ ಹಬ್ಬಕ್ಕೆ ಮುಂಚೆ ಹೋದ್ಲು, ಈಗ ಸಂಕ್ರಾಂತಿ ಬಂತು. ನೀನು ಹೆಂಗಿದೀಯಾ ಅಂತ ನಾನ್ ಕೇಳ್ದಾ? ಕೇಳಲ್ಲ. ಮಗಳು ಹೋದೋಳನ್ನ ಹೆಂಗಿದೀಯಾ ಅಂತ ಏನ್ ಕೇಳೋದು. ಸುಲಿ, ಸುಲಿ. ಸೊಗಡು ಚೆನ್ನಾಗೈತೆ ಈ ವರ್ಷ.

ಎಲ್ಲಿದ್ದೆ? ಹಾಂ. ಉದ್ಯಮ್ ಒಂದೇ ಸಾಲ್ದು. ತಿನ್ನೋ ಪದಾರ್ಥ ಅಲ್ವಾ, ಆಹಾರ ಸುರಕ್ಷತೆ ಅಂತ ಇನ್ನೊಂದು. ಸಣ್ಣ ವ್ಯಾಪಾರಕ್ಕೆ ಸಣ್ಣ ನೋಂದಣಿ. ಫೋಟೋ ಬೇಕು, ಆಧಾರ್ ಬೇಕು, ಎಲ್ಲಿ ಮಾಡ್ತೀರಾ ಅನ್ನೋಕೆ ವಿಳಾಸದ ಕಾಗದ ಬೇಕು. ಪಂಚಾಯ್ತೀಲಿ ವ್ಯಾಪಾರದ ಲೈಸೆನ್ಸು ಬೇರೆ. ಕಂದಾಯ ಕಟ್ಟಿದ ರಸೀತಿ ಕೇಳಿದ್ರು. ಇತ್ತು. ಅವಳೇ ಜೋಡ್ಸಿಟ್ಟಿದ್ಲು, ದೇವ್ರ ಫೋಟೋ ಹಿಂದೆ. ಪಂಚಾಯ್ತಿಯೋನು ಆ ರಸೀತಿ ಮೂಸಿ ನೋಡ್ದ. 'ಏನ್ರೀ ಇದು ಊದುಬತ್ತಿ ವಾಸನೆ' ಅಂದ. 'ಪೂಜೆ ಆಗೈತೆ ಸ್ವಾಮಿ, ಇನ್ನ ಸೀಲ್ ಒಂದ್ ಬಾಕಿ' ಅಂದೆ.

ಆಮೇಲೆ ಬ್ಯಾಂಕಲ್ಲಿ ಅಂಗಡಿ ಹೆಸರಲ್ಲಿ ಒಂದು ಖಾತೆ. ಅದಕ್ಕೆ ಆ ಉದ್ಯಮ್ ಸರ್ಟಿಫಿಕೇಟ್ ಬೇಕು. ಸರ್ಟಿಫಿಕೇಟ್‌ಗೆ ಹೆಸರು ಬೇಕು. ಹಿಂಗೆ ಒಂದರ ಬಾಲ ಇನ್ನೊಂದು ಹಿಡ್ಕಂಡೈತೆ.

ಪ್ಯಾಕೆಟ್ ಮೇಲೆ ಏನೇನ್ ಬರೀಬೇಕು ಅಂತ ನಯನಾ ಹೇಳಿದ್ಲು ನೋಡು, ಅದು ಕೇಳ್ಬೇಕು ನೀನು. ಒಂದು ಚೌಕ, ಚೌಕದೊಳಗೆ ಹಸಿರು ಚುಕ್ಕಿ. ಇದ್ರಲ್ಲಿ ಮಾಂಸ ಇಲ್ಲ ಅಂತ ಗುರುತು. ಹುಚ್ಚೆಳ್ಳಲ್ಲಿ ಮಾಂಸ ಎಲ್ಲಿಂದ ಬಂತಕ್ಕ? 'ಬರ್ದು ಹೇಳ್ಬೇಕು ಅಂಕಲ್' ಅಂದ್ಲು. ಸರಿ, ಹೇಳಾನ. ಯಾವತ್ತು ಮಾಡಿದ್ದು, ಎಷ್ಟು ದಿನ ಬಾಳ್ತದೆ, ತೂಕ ಎಷ್ಟು, ಎಲ್ಲಾ. ಮತ್ತೆ ದೂರು ಹೇಳೋಕೆ ಒಂದು ಫೋನ್ ನಂಬರ್ ಇರ್ಬೇಕಂತೆ. ದೂರು! ಇಷ್ಟು ವರ್ಷ ನನ್ ಮೇಲೆ ದೂರು ಹೇಳ್ತಿದ್ದೋಳು ನಿನ್ ಮಗಳೊಬ್ಳೇ. ಅವಳಿಗೆ ಫೋನೇ ಬೇಕಾಗಿರ್ಲಿಲ್ಲ. ಒಳಗಿಂದ ಕೂಗಿದ್ರೆ ಬಸ್‌ಸ್ಟ್ಯಾಂಡಿಗೆ ಕೇಳ್ತಿತ್ತು.

'ಏನೇನ್ ಹಾಕ್ತೀರಾ ಅದನ್ನೂ ಬರೀಬೇಕು. ಯಾವ್ದು ಜಾಸ್ತಿ ಹಾಕ್ತೀರೋ ಅದು ಮೊದ್ಲು.' ಹುಚ್ಚೆಳ್ಳು ಅಂದೆ. ಒಣಮೆಣಸಿನಕಾಯಿ ಅಂದೆ. ಕೊಬ್ಬರಿ, ಅರಸೀಕೆರೆ ಕಡೇದು. ಹುಣಸೆಹಣ್ಣು, ಉಪ್ಪು, ಕರಿಬೇವು, ಬೆಳ್ಳುಳ್ಳಿ, ಚೂರು ಬೆಲ್ಲ. 'ಅಷ್ಟೇನಾ?' ಅಂದ್ಲು. ಅಷ್ಟೇ ಅಂದೆ.

... ಯಾಕೆ, ಅಷ್ಟೇ ಅಲ್ವಾ? ನೀನ್ ಬೇರೆ ಏನಾದ್ರೂ ಹಾಕ್ತೀಯಾ? ... ಸುಮ್ನೆ ಕೇಳ್ದೆ. ನಂಗ್ ಗೊತ್ತಿಲ್ವಾ! ಅವಳ ಎದುರಿಗೇ ಕೂತಿರ್ತಿದ್ದೆ ದಿನಾ. ಅವಳು ಹುರೀತಿದ್ಲು, ನಾನು ಮಾತಾಡ್ತಿದ್ದೆ.

ಈಗ ಮುಖ್ಯವಾದ ಮಾತು. ಎಲ್ಲಾ ತುಂಬಿಸಿ ಆದ್ಮೇಲೆ ಒಂದು ಕಡೆ ಖಾಲಿ ಉಳೀತು. 'ಉದ್ಯಮದ ಹೆಸರು ಏನಂತ ಕೊಡ್ಲಿ ಅಂಕಲ್?' ನಾನು ಮರಿಯಮ್ಮ ಅಂದೆ. 'ದೇವರ ಹೆಸರಾ?' ಅಂದ್ಲು. 'ಅಲ್ಲಮ್ಮ, ನನ್ ಹೆಂಡ್ತಿ ಹೆಸರು. ದೇವರಿಗಾದ್ರೆ ಹಬ್ಬದ ದಿನ ಹೆದರಿಕೊಂಡ್ರೆ ಸಾಕು, ಇವಳಿಗೆ ದಿನಾ ಹೆದರ್ತಿದ್ದೆ' ಅಂದೆ. ಸಾಲಲ್ಲಿ ನಿಂತಿದ್ದೋರೆಲ್ಲಾ ನಕ್ಕರು. ನಯನಾನೂ ನಕ್ಕಳು. 'ಮರಿಯಮ್ಮ ಹುಚ್ಚೆಳ್ಳು ಪುಡಿ, ಹಳೇಬೀಡು. ಚೆನ್ನಾಗೈತೆ ಅಂಕಲ್, ಒತ್ಲಾ?' ಅಂತ ಬೆರಳು ಎತ್ತಿದ್ಲು.

ತಡಿ ಅಂದೆ.

ಒತ್ಬೇಡ, ಅವಳ ತಾಯಿ ಒಪ್ಬೇಕು ಅಂದೆ. ಖಾಲಿ ಬಿಟ್ಟು ಬಂದಿದೀನಿ ಅಕ್ಕ. ನಾಳೆ ಹೋಗ್ಬೇಕು. ಹೆಸರು ಕೊಟ್ರೆ ನಾಳೇನೇ ಸರ್ಟಿಫಿಕೇಟು. ನಾಡಿದ್ದು ಅರಸೀಕೆರೆಗೆ ಹೋಗಿ ಪ್ಯಾಕೆಟ್ ಪ್ರಿಂಟಿಗೆ ಕೊಡೋದು. ನೀನು ಬೇಡ ಅಂದ್ರೆ... ಬೇಡ ಅಂದ್ರೆ ಬೇರೆ ಏನಾದ್ರೂ ಇಡೋದು. ಹೊಯ್ಸಳ ಅಂತ ಇಡಿ ಅಂದ್ಲು ಅವಳೇ. ಹಳೇಬೀಡಲ್ಲಿ ಸೋಪಿನಂಗಡಿಗೂ ಹೊಯ್ಸಳ, ಪಂಚರ್ ಅಂಗಡಿಗೂ ಹೊಯ್ಸಳ. ಆ ಸಾಲಲ್ಲಿ ನಾವೊಬ್ರು ಕಮ್ಮಿ ಇದ್ವಿ.

ನೀನ್ ಮರ್ತಿಲ್ಲ, ನಂಗೊತ್ತು. ಫೋನಲ್ಲಿ ನಾನು ಈ ಮಾತು ಎತ್ತಿದಾಗ ನೀನೇನಂದೆ? 'ನನ್ ಮಗಳ ಹೆಸರು ಹಾಕ್ಬೇಕಾದ್ರೆ ಪುಡಿ ನನ್ ಮಗಳದ್ರಂಗೇ ಇರ್ಬೇಕು. ಮೊದ್ಲು ತಂದು ನನ್ ನಾಲಿಗೆ ಮೇಲೆ ಇಡು. ಆಮೇಲೆ ಹೂಂ ಅಂತೀನಿ, ಊಹೂಂ ಅಂತೀನಿ.' ಅಂದ್ಯಾ ಇಲ್ವಾ? ಆಹಾರ ಸುರಕ್ಷತೆಯೋರು ಕೂಡ ಇಷ್ಟು ಕಷ್ಟ ಕೊಡ್ಲಿಲ್ಲ ಕಣತ್ತೆ.

ನೋಡ್ದಾ, ಬಂತು ಅತ್ತೆ.

ಅದಕ್ಕೇ ತಂದಿದೀನಿ. ... ಇಲ್ಲ, ಚೀಲದಲ್ಲಿ ಕೈ ಹಾಕ್ಬೇಡ! ನಾನೇ ತೆಗೀತೀನಿ. ಆ ಪ್ಲಾಸ್ಟಿಕ್ ಕವರು ಅಲ್ಲ, ಅದು ಬೇರೆ. ಅದು ಏನೂ ಅಲ್ಲ. ಇಗೋ, ಈ ಡಬ್ಬಿ.

ತಡಿ. ಕೈ ಒರೆಸ್ಕೋ, ಅವರೆ ಸೊಗಡು ಹತ್ತೈತೆ. ಹಾಂ. ಒಂದ್ ಚಿಟಿಕೆ. ಚಿಟಿಕೆ ಅಂದೆ! ... ಅಕ್ಕ, ಅಷ್ಟೊಂದ್ ಯಾಕೆ? ಅರ್ಧ ವಾಪಸ್ ಹಾಕು. ... ಜಿಪುಣ ಅಂತೀಯಾ? ಸ್ಯಾಂಪಲ್ ಅಕ್ಕ. ಸ್ಯಾಂಪಲ್ ಅಂದ್ರೆ ಸ್ವಲ್ಪಾನೇ ಕೊಡೋದು, ವ್ಯಾಪಾರದಲ್ಲಿ ಹಂಗೇ. ನೆಲಕ್ಕೆ ಬೀಳಿಸ್ಬೇಡ ಮತ್ತೆ. ಡಬ್ಬಿ ಇಲ್ಲಿ ಕೊಡು, ಮುಚ್ಚಳ ಹಾಕ್ತೀನಿ. ಗಾಳಿ ಆಡಿದ್ರೆ ಘಮ ಹೋಯ್ತದೆ.

ಹೆಂಗ್ ಮಾಡ್ದೆ ಅಂತೀಯಾ? ಹೆಂಗ್ ಮಾಡೋದು, ಅವಳು ಮಾಡಿದಂಗೇ. ಹುಚ್ಚೆಳ್ಳು ತೊಳೆದೆ, ಕಲ್ಲು ಮಣ್ಣು ತೆಗೆದೆ, ಬಿಸಿಲಿಗೆ ಹಾಕ್ದೆ, ಹುರಿದೆ. ಎಲ್ಲೀವರ್ಗೂ ಅಂದ್ರೆ... ಸಾಕು ಅನ್ಸೋವರ್ಗೂ. ಬೆಳ್ಳುಳ್ಳಿ ಒಂದೊಂದ್ ಎಸಳೂ ಸುಲಿದು ಹಾಕ್ದೆ. ಒಂದು ಸಿಪ್ಪೆ ಬಿಟ್ಟಿಲ್ಲ ನೋಡು, ಕ್ಲೀನಾಗಿರ್ಬೇಕು ಅಂದವ್ರೆ ಆಫೀಸ್ನೋರು. ಮಿಕ್ಸಿಗೆ ಹಾಕ್ದೆ, ಗರ್ ಅಂತು, ಆಯ್ತು. ನಿನ್ ಮಗಳೂ ನೀನೂ ಏನೋ ದೊಡ್ಡ ವಿದ್ಯೆ ಅನ್ನಂಗೆ ಆಡ್ತಿದ್ರಿ. ಗಂಡಸು ಮನಸ್ಸು ಮಾಡಿದ್ರೆ...

ಹಾಕ್ಕೋ ಬಾಯಿಗೆ. ಹಾಕ್ಕೋ, ಹಾಕ್ಕೋ.

... ಹೂಂ?

ಹೆಂಗೈತೆ?

ಖಾರ ಸರಿ ಐತಾ? ... ಉಪ್ಪು? ... ಅಕ್ಕ, ಹೆಂಗೈತೆ ಅಂದ್ರೆ ಏನಾದ್ರೂ ಅನ್ನು. ಹೂಂ ಅನ್ನು ಇಲ್ಲ ಊಹೂಂ ಅನ್ನು. ಬೇಲೂರಲ್ಲಿ ಆ ಹುಡುಗಿ ಬೆರಳು ಎತ್ಕಂಡೇ ಕೂತವ್ಳೆ.

ಕಣ್ಣಲ್ಲೇನು ನೀರು? ಖಾರ ಜಾಸ್ತಿ ಆಯ್ತಾ? ನೀರ್ ತರ್ಲಾ? ಬಾನೀಲೈತಾ, ಕೊಡದಲ್ಲೈತಾ? ...

ಬೇಡ್ವಾ. ಸರಿ.

ಯಾಕ್ ಸುಲಿಯೋದ್ ನಿಲ್ಲಿಸ್ದೆ? ಬೆರಳ ತುದೀಲಿ ಏನದು, ಏನ್ ನೋಡ್ತಾ ಇದೀಯಾ ಹಂಗೆ? ಹುಳ ಏನಾದ್ರೂ... ತೋರ್ಸು.

ಓ.

ಸಿಪ್ಪೆ. ಬೆಳ್ಳುಳ್ಳಿ ಸಿಪ್ಪೆ.

ಅದು... ಒಂದೆರಡು ಉಳ್ಕಂಡಿರ್ತವೆ ಅಕ್ಕ. ವಯಸ್ಸಾಯ್ತಲ್ಲ, ಕಣ್ಣು ಮಂಜು. ಸುಲಿದೆ, ಎಲ್ಲಾ ಸುಲಿದೆ, ಒಂದು ಹೆಂಗೋ... ಎರಡಾ? ಮೂರೂ ಐತಾ? ... ಹೋಗ್ಲಿ, ಬೇಕಂತಲೇ ಬಿಟ್ಟೆ ಅನ್ಕೋ. ಅವಳೂ ಬಿಡ್ತಿರ್ಲಿಲ್ವಾ? ನೀನೇ ಬೈತಿದ್ದೆ, 'ಸಿಪ್ಪೆ ಸುಲಿಯೋಕೆ ಸೋಂಬೇರಿ, ಇವಳನ್ನ ಯಾರು ಕಟ್ಕತಾರೋ' ಅಂತ. ನಾನ್ ಕಟ್ಕಂಡೆ. ಮೂವತ್ತು ವರ್ಷ ಸಿಪ್ಪೆ ತಿಂದೆ. ಅದೇ ನೆನಪಾಗಿ, ನಾನೂ ಹಂಗೇ...

ಈಗ್ತಾನೆ ಒಂದೂ ಬಿಟ್ಟಿಲ್ಲ ಅಂದ್ಯಲ್ಲ ಅಂತೀಯಾ? ಹೌದು. ಅಂದೆ.

ಮಿಕ್ಸೀಲಿ ಹಾಕಿದ್ರೆ ಸಿಪ್ಪೆ ಹಿಂಗೆ ಇಡಿಯಾಗಿ ಉಳಿಯಲ್ಲ. ಅದೂ ಹೌದು.

... ಹಂಗ್ ನೋಡ್ಬೇಡ ಅಕ್ಕ. ಬೈ. ನಿನ್ ಬಾಯಿಗೆ ಬಂದಂಗೆ ಬೈ, ಅತ್ತೆ ಆಗಿ ಬೈ. ಸುಮ್ನೆ ನೋಡ್ಬೇಡ.

...

ಹೂಂ.

ಅವಳದೇ.

ಅವಳು ಕುಟ್ಟಿದ್ದು. ಕೊನೇಲಿ ಮಾಡಿಟ್ಟಿದ್ದು. ಎಲ್ಲಾ ಮಾರಿ ಆಗೋಗಿತ್ತು, ಈ ಡಬ್ಬಿ ಒಂದು ರಾಗಿ ತುಂಬೋ ವಾಡೆ ಹಿಂದೆ ಉಳ್ಕಂಡಿತ್ತು. ನಾನು ಇದ್ರಲ್ಲಿ ಒಂದ್ ಚಿಟಿಕೆ ತಿಂದಿಲ್ಲ. ಬೆಳಿಗ್ಗೆ ಮುಚ್ಚಳ ತೆಗೀತೀನಿ, ಮೂಸ್ತೀನಿ, ಮುಚ್ತೀನಿ. ಅಷ್ಟೇ.

ನಾನ್ ಮಾಡಿದ್ದು ಆ ಪ್ಲಾಸ್ಟಿಕ್ ಕವರಲ್ಲೈತೆ. ತಗೀಬೇಡ, ಬೇಡ ಅಂದೆ... ಮೂಸಿದ್ರೇ ಗೊತ್ತಾಯ್ತದೆ ಕಣಕ್ಕ. ಒಂದ್ ಸಲ ಸೀದು ಹೋಯ್ತು. ಒಂದ್ ಸಲ ಎಣ್ಣೆ ಬಿಟ್ಟು ಉಂಡೆ ಉಂಡೆ ಆಯ್ತು, ಸಗಣಿ ತಟ್ಟಿದಂಗೆ. ಒಂದ್ ಸಲ ಚೆನ್ನಾಗಿ ಬಂತು ಅನ್ಕಂಡೆ, ಬಾಯಿಗೆ ಹಾಕಿದ್ರೆ ಕಹಿ. ಹೊರಗೆ ಚೆಲ್ದೆ. ಎದುರು ಮನೆ ಕೋಳಿ ಬಂತು, ಒಂದ್ ಸಲ ಕುಟುಕ್ತು, ನನ್ ಮುಖ ನೋಡ್ತು, ಹೊರಟೋಯ್ತು. ಕೋಳಿ ಅಕ್ಕ! ಕೋಳಿ ಏನು ತಿನ್ನಲ್ಲ ಹೇಳು.

ನಗ್ಬೇಡ. ... ನಗ್ತಿಲ್ವಾ. ಸರಿ.

ಎದುರಿಗೇ ಕೂತಿರ್ತಿದ್ದೆ ಅಕ್ಕ. ದಿನಾ. ಒಂದ್ ದಿನಾನಾದ್ರೂ ಎಷ್ಟ್ ಹಾಕ್ದೆ, ಯಾವಾಗ ಇಳಿಸ್ದೆ ಅಂತ ಕೇಳ್ಲಿಲ್ಲ. ಆಸ್ಪತ್ರೇಲಿ ಮಲಗಿದಾಗ ಅವಳೇ ಹೇಳೋಕೆ ಬಂದ್ಲು. 'ಹುಚ್ಚೆಳ್ಳು ಹುರಿಯೋವಾಗ' ಅಂತ ಶುರು ಮಾಡಿದ್ಲು. ನಾನು, 'ಮನೆಗೆ ಬಂದು ನೀನೇ ಹುರಿ, ಈಗ ಬಾಯ್ ಮುಚ್ಕಂಡ್ ಮಲಗು' ಅಂದೆ. ಕೇಳಿಸ್ಕಂಡ್ರೆ ಅವಳು ಬರಲ್ಲ ಅಂತ ನಾನೇ ಒಪ್ಕಂಡಂಗೆ ಆಯ್ತದಲ್ಲ. ಅದಕ್ಕೆ.

ನಿನ್ ಮುಂದೆ ಯಾಕೆ ಈ ಆಟ ಕಟ್ಟಿದೆ ಅಂತೀಯಾ? ಇದನ್ನ ತಿಂದ್ರೆ ನೀನ್ ಹೂಂ ಅಂತೀಯಾ ಅಂತ ಗೊತ್ತಿತ್ತು. ನೀನು ಹೂಂ ಅಂದ್ರೆ ಆ ಹುಡುಗಿ ಒತ್ತಾಳೆ. ಒತ್ತಿದ್ರೆ ಹೆಸರು ಕೂತ್ಕಳ್ತದೆ. ಪುಡಿ ಆಮೇಲೆ ಹೆಂಗೋ ಕಲಿಯಾನ ಅನ್ಕಂಡೆ.

ದೊಡ್ಡ ಅಂಗಡೀನೂ ಬೇಕಾಗಿಲ್ಲ ಅಕ್ಕ ನಂಗೆ, ಬೀರುನೂ ಬೇಕಾಗಿಲ್ಲ.

ಮನೇಲಿ ಅವಳ ಹೆಸರು ಕರಿಯೋರಿಲ್ಲ. ನಾನೊಬ್ನೇ. ಒಬ್ನೇ ಕೂತು ಕರೆದ್ರೆ ಹುಚ್ಚ ಅಂತಾರೆ. ಊರೋರೂ ಎತ್ತಲ್ಲ, ನನ್ನ ನೋಡಿದ ಕೂಡ್ಲೇ ಮಾತು ಬದಲಾಯಿಸ್ತಾರೆ, ಪಾಪ ಅಂತ. ಅವತ್ತು ನಯನಾ ಹತ್ರ ಮರಿಯಮ್ಮ ಅಂದ್ನಲ್ಲ, ಅವಳೂ ತಿರುಗಿ ಮರಿಯಮ್ಮ ಅಂದ್ಲಲ್ಲ. ಎಷ್ಟ್ ದಿನ ಆಗಿತ್ತು ಇನ್ನೊಬ್ರ ಬಾಯಲ್ಲಿ ಕೇಳಿ. ಹಂಗೇ ಅನ್ನಿಸ್ತು. ಪ್ಯಾಕೆಟ್ ಮೇಲೆ ಹೆಸರು ಬಂದ್ರೆ, ಬಸ್ಸಿಂದ ಇಳಿದೋರು, ಇಸ್ಕೂಲ್ ಮಕ್ಕಳು, ಯಾರ್ ಯಾರೋ, ಕೈ ಚಾಚಿ ಕೇಳ್ತಾರೆ. 'ಅಣ್ಣಾ, ಒಂದು ಮರಿಯಮ್ಮ ಕೊಡಿ.' 'ನಂಗೆರಡು ಮರಿಯಮ್ಮ.' ದಿನಾ ಕೇಳ್ತಾರೆ.

ಅಷ್ಟೇ ಅಕ್ಕ. ಅಷ್ಟಕ್ಕೇ.

...

ಎಲ್ಲಿಗ್ ಹೋಗ್ತಾ ಇದೀಯಾ? ಅಕ್ಕ? ... ಅತ್ತೆ? ಬೇಜಾರಾಯ್ತಾ? ನಾಳೆ ಬೇಡ ಅಂತ ಹೇಳ್ಬಿಡ್ತೀನಿ ಬಿಡು. ಹೊಯ್ಸಳ ಅಂತಲೇ ಇಡಿಸ್ತೀನಿ. ಒಳಗೇನ್ ಹುಡುಕ್ತಾ ಇದೀಯಾ, ಕತ್ತಲಲ್ಲಿ ಬೀಳ್ತೀಯಾ...

ಮೊರ.

ಹುಚ್ಚೆಳ್ಳಾ ಇದು? ನಿಮ್ ಹೊಲದ್ದಾ? ... ಏನು? ಕೂತ್ಕಳ್ಲಾ? ಕೂತೇ ಇದೀನಲ್ಲ. ಕಲ್ಲು ಆರಿಸ್ಬೇಕಾ? ಆರಿಸ್ತೀನಿ. ... ಮಾತಾಡ್ದೇ ಆರಿಸ್ಬೇಕಾ?

ಸರಿ.

...

ಆ? ಏನೋ ಅಂದೆ. ಕೇಳಿಸ್ಲಿಲ್ಲ, ಸ್ವಲ್ಪ ಗಟ್ಟಿಯಾಗಿ ಅನ್ನು. ಮುಖ ಯಾಕ್ ಆ ಕಡೆ ತಿರುಗಿಸ್ಕಂಡಿದೀಯಾ, ಇತ್ಲಾಗ್ ತಿರುಗಿ...

ಒಂದು ಮರಿಯಮ್ಮ ಕೊಡು ಅಂದ್ಯಾ?

...

ಚಿಕ್ಕ ಪ್ಯಾಕೆಟ್ಟಾ ಅಮ್ಮಾವ್ರೇ, ದೊಡ್ಡದಾ?